ಏಳನೇ ನಂಬರಿನ ಓಟ

ಮಾನ್ಯಾ ಆರು ವರ್ಷದವಳಿದ್ದಾಗ ವಿನೋದಿನಿ ಅವಳಿಗೆ ಹೇಳಿದ್ದು ಒಂದೇ ಮಾತು: ದಿನಾ ಅಭ್ಯಾಸ ಮಾಡಿದವರಿಗೆ ಯಾವುದೂ ಕೈತಪ್ಪುವುದಿಲ್ಲ. ಆ ಮಾತನ್ನು ನಂಬಿ ಮಗಳು ಹನ್ನೊಂದು ವರ್ಷ ಲೂಕನ್ ಬಡಾವಣೆಯ ತಮ್ಮ ಮನೆಯ ಪಕ್ಕದ ಗೋಡೆಗೆ ಚೆಂಡು ಒದ್ದಳು. ಎಡಗಾಲಲ್ಲಿ ನೂರು, ಬಲಗಾಲಲ್ಲಿ ನೂರು. ನೆರೆಯವರು ಎರಡು ಸಲ ದೂರು ಕೊಟ್ಟರು. ಚಳಿಗೆ ಬೆರಳು ಬಿರಿದಾಗಲೂ ಅವಳು ಲೆಕ್ಕ ತಪ್ಪಿಸಲಿಲ್ಲ.

ಮಾನ್ಯಾ ಆಡುತ್ತಿದ್ದ ಕ್ಲಬ್ಬಿಗೆ ಓರ್ಲಾ ಬಂದು ಎರಡು ವರ್ಷವೂ ಆಗಿರಲಿಲ್ಲ. ತಡವಾಗಿ ಬರುತ್ತಿದ್ದಳು, ಕೈಯಲ್ಲಿ ಅರ್ಧ ತಿಂದ ಟೋಸ್ಟು, ಕಾಲಲ್ಲಿ ಯಾರದೋ ಬೂಟು. ಕೈ ಕಾಲು ಎರಡರಲ್ಲೂ ಆಡುವ ಗೇಲಿಕ್ ಫುಟ್‌ಬಾಲಿನ ನಿಯಮಗಳೇ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಒಮ್ಮೆ ಓಡಲು ಶುರುಮಾಡಿದಳೆಂದರೆ ಮೈದಾನದಲ್ಲಿದ್ದ ಉಳಿದವರೆಲ್ಲ ನಿಂತುಬಿಟ್ಟಂತೆ ಕಾಣುತ್ತಿತ್ತು.

ಕಾಲೇಜಿನವರು ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಮೇಲೆ ಕ್ಲಬ್ಬಿನಿಂದ ಒಬ್ಬಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಆ ಸುದ್ದಿಯನ್ನು ವಿನೋದಿನಿಗೆ ಹೇಳಿದವನು ಕೋಚ್ ಡೆಕ್ಲನ್. ಚಹಾದ ಕಪ್ಪು ಕೈಯಲ್ಲಿ ಹಿಡಿದು, ಅವಳ ಮುಖ ನೋಡದೆ ಹೇಳಿದ.

"ಪಾಸ್ ಕೊಡೋದು, ಚೆಂಡು ಹಿಡಿಯೋದು ನಾಲ್ಕು ವರ್ಷದಲ್ಲಿ ಕಲಿಸ್ತೀವಿ, ವೇಗ ಮಾತ್ರ ಕಲಿಸೋಕಾಗಲ್ಲ, ಅದು ಹುಟ್ಟುತ್ತಲೇ ಬರಬೇಕು ಅಂತಾರೆ ಅವರು. ಮಾನ್ಯಾ ಒಳ್ಳೆ ಹುಡುಗಿ, ವಿನೋ. ಆದ್ರೆ ಓರ್ಲಾನ ನೀವೇ ನೋಡಿದೀರಲ್ಲ."

ಒಳ್ಳೆ ಹುಡುಗಿ. ಸತ್ತವರ ಬಗ್ಗೆ ಹೀಗೆ ಹೇಳುತ್ತಾರೆ. ಮನೆ ತಲುಪುವವರೆಗೂ ವಿನೋದಿನಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಸೀಟು ಹೋದರೆ ಹೋಗಲಿ. ಹನ್ನೊಂದು ವರ್ಷ ಮಗಳಿಗೆ ತಾನು ಹೇಳಿದ್ದು ಸುಳ್ಳಾಗಲು ಮಾತ್ರ ಅವಳು ಬಿಡುವವಳಲ್ಲ.

ಸ್ಯಾಂಡಿಫರ್ಡಿನ ಆಫೀಸಿನಲ್ಲಿ ಅವಳ ಕೆಲಸವೇ ಅಂಕಿಅಂಶಗಳಲ್ಲಿ ಸುಳ್ಳು ಹುಡುಕುವುದು. ಜನ ಎಲ್ಲಿ ಸಿಕ್ಕಿಬೀಳುತ್ತಾರೆಂದು ಅವಳಿಗೆ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಅಂಕಿ ತಿದ್ದಿದರೆ ಅದು ಗುರುತು ಉಳಿಸುತ್ತದೆ. ಒಂದೇ ದಿನ ಎಲ್ಲವೂ ಚೆನ್ನಾಗಿಬಿಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಅವಳು ಒಂದು ಅಂಕಿಯನ್ನೂ ಮುಟ್ಟುವುದಿಲ್ಲವೆಂದು ತೀರ್ಮಾನಿಸಿದಳು.

ಅಭ್ಯಾಸದ ಹೊತ್ತಿನಲ್ಲಿ ಹುಡುಗಿಯರು ಜರ್ಸಿಯೊಳಗೆ ಮೈಗಂಟುವ ಕಪ್ಪು ವೆಸ್ಟು ಹಾಕುತ್ತಿದ್ದರು. ಬೆನ್ನಿನ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ. ಯಾರು ಎಷ್ಟು ದೂರ, ಎಷ್ಟು ವೇಗವಾಗಿ ಓಡಿದರೆಂದು ಅದು ಬರೆದುಕೊಳ್ಳುತ್ತಿತ್ತು. ಅವುಗಳನ್ನು ಚಾರ್ಜ್ ಮಾಡಿ ಹಂಚುವ ಕೆಲಸವನ್ನು ಬೇರೆ ಪೋಷಕರು ಬೇಡವೆಂದಿದ್ದರು. ವರ್ಷದಿಂದ ವಿನೋದಿನಿಯೇ ಮಾಡುತ್ತಿದ್ದಳು. ಏಳನೇ ನಂಬರಿನ ಯಂತ್ರ ಮಾನ್ಯಾಳ ಹೆಸರಿಗೆ, ಹನ್ನೊಂದು ಓರ್ಲಾಳ ಹೆಸರಿಗೆ. ಇವೆರಡನ್ನೂ ಅದಲುಬದಲು ಮಾಡಿದರೆ ಸಾಕಿತ್ತು. ಆಮೇಲೆ ಓರ್ಲಾ ಓಡಿದ್ದೆಲ್ಲ ಮಾನ್ಯಾಳ ಓಟ.

ಆರು ವಾರದ ದಾಖಲೆ ಕಾಲೇಜಿಗೆ ಹೋಗಬೇಕಿತ್ತು, ವಾರಕ್ಕೆ ಮೂರು ಅಭ್ಯಾಸ. ಮೊದಲ ಎರಡು ವಾರ ಅವಳು ವಾರಕ್ಕೊಂದು ಸಲ ಬದಲಿಸಿದಳು. ಮುಂದಿನ ಎರಡು ವಾರ, ಎರಡು ಸಲ. ಕೊನೆಯ ಎರಡು ವಾರ ಮೂರೂ ಸಲ. ನಕ್ಷೆಯಲ್ಲಿ ಮಾನ್ಯಾಳ ಗೆರೆ ನಿಧಾನವಾಗಿ ಮೇಲೇರಿತು, ಬೆವರು ಸುರಿಸಿ ಗಳಿಸಿದ ವೇಗ ಏರುವ ಹಾಗೆಯೇ.

ಭಯ ಅವಳನ್ನು ಒಂದು ದಿನವೂ ಬಿಡಲಿಲ್ಲ. ಒಂದು ಮಂಗಳವಾರ ಎರಡೂ ಯಂತ್ರ ಅಂಗೈಯಲ್ಲಿರುವಾಗಲೇ ಓರ್ಲಾ ಕಿಟ್ ರೂಮಿನೊಳಗೆ ಬಂದಳು.

"ಇದ್ರಲ್ಲಿ ನಂದು ಯಾವ್ದು?"

"ತಿರುಗು, ನಾನೇ ಹಾಕ್ತೀನಿ," ಎಂದಳು ವಿನೋದಿನಿ. ಅಂಟಿಸಿದ ನಂಬರು ಕಾಣದಂತೆ ಏಳನ್ನು ಹುಡುಗಿಯ ಜೇಬಿಗೆ ಇಳಿಸಿದಳು.

"ನಿಮ್ಮ ಕೈ ಐಸ್ ಥರ ಇದೆ, ವಿನೋ. ಆರ್ ಯೂ ಗ್ರ್ಯಾಂಡ್?"

"ಗ್ರ್ಯಾಂಡ್, ಚೆನ್ನಾಗೇ ಇದೀನಿ," ಎಂದಳು. ಓರ್ಲಾ ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಅವಳ ಕೈಗಿಟ್ಟು ಹೋದಳು. ವಿನೋದಿನಿ ಅದನ್ನು ತಿನ್ನಲೂ ಆಗದೆ ಎಸೆಯಲೂ ಆಗದೆ ಕೋಟಿನಲ್ಲಿ ಇಟ್ಟುಕೊಂಡಳು.

ಅಂಕಿ ಹೇಳುವುದೇ ಬೇರೆ, ಕಣ್ಣಿಗೆ ಕಾಣುವುದೇ ಬೇರೆ ಎಂದು ಡೆಕ್ಲನ್ ಹೇಳಿಬಿಡಬಹುದೆಂದು ಅವಳು ಹೆದರಿದ್ದಳು. ಅವನು ಹಾಗೆ ಹೇಳಲಿಲ್ಲ. ಮಾನ್ಯಾ ಅಚ್ಚುಕಟ್ಟಾಗಿ ಓಡುತ್ತಾಳೆ, ಅದಕ್ಕೇ ನಿಧಾನ ಅನ್ನಿಸುತ್ತದೆ ಎಂದ. ಓರ್ಲಾಳ ಬಗ್ಗೆ ತಲೆ ಅಲ್ಲಾಡಿಸಿದ. "ಸುಮ್ನೆ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ನೋಡಿ. ಸೋಮಾರಿ ಆಗಿದಾಳೆ." ಅದನ್ನು ಕೇಳಿ ಓರ್ಲಾ ಅಭ್ಯಾಸ ಮುಗಿದ ಮೇಲೂ ಒಬ್ಬಳೇ ಇನ್ನಷ್ಟು ಸುತ್ತು ಓಡತೊಡಗಿದಳು. ವಿನೋದಿನಿ ಆ ಕಡೆ ನೋಡದೆ ವೆಸ್ಟುಗಳನ್ನು ಮಡಿಸಿದಳು.

ಮಾನ್ಯಾ ಮಾತ್ರ ಮೊಬೈಲಿನಲ್ಲಿ ತನ್ನ ಗೆರೆ ನೋಡಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಇಟ್ಸ್ ವರ್ಕಿಂಗ್, ಮಮ್. ಯೂ ವರ್ ರೈಟ್." ಆಮೇಲೆ, ಅಮ್ಮನಿಗೆ ಇಷ್ಟವೆಂದು, ತೊದಲುತ್ತ ಕನ್ನಡದಲ್ಲಿ: "ನೀನು ಹೇಳಿದ್ದು ನಿಜ." ಕುದಿಯುತ್ತಿದ್ದ ಸಾರಿನ ಕಡೆ ತಿರುಗಿಕೊಂಡ ವಿನೋದಿನಿ ತನ್ನ ಹಂಚಿಕೆಯನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಿದಳು. ದೂರ ಸರಿಯಿತ್ತು. ವೇಗ ಸರಿಯಿತ್ತು. ನೋಡಿದವರು ಯಾರೂ ಇರಲಿಲ್ಲ.

ಶನಿವಾರ ಕಾಲೇಜಿನ ಮೈದಾನದಲ್ಲಿ ಕೊನೆಯ ಆಯ್ಕೆ ಪಂದ್ಯ. ಪಟ್ಟಿಯಲ್ಲಿ ಮಾನ್ಯಾಳ ಹೆಸರೇ ಮೊದಲಿದೆ, ಇನ್ನುಳಿದಿರುವುದು ಶಾಸ್ತ್ರ ಮಾತ್ರ ಎಂದು ಡೆಕ್ಲನ್ ವಿನೋದಿನಿಯ ಕಿವಿಯಲ್ಲಿ ಹೇಳಿದ್ದ. ಹುಡುಗಿಯರು ಮೈದಾನಕ್ಕಿಳಿಯುವ ಹೊತ್ತಿಗೆ, ನೀಲಿ ಕೋಟಿನ ಹೆಂಗಸೊಬ್ಬಳು ಕಂಪ್ಯೂಟರನ್ನು ಎದೆಗವಚಿಕೊಂಡು ಮೈದಾನದ ಗೆರೆಯ ಪಕ್ಕ ನಿಂತಿದ್ದ ಅವಳ ಬಳಿಗೆ ನಡೆದು ಬಂದಳು.

"ವಿನೋದಿನಿಯವರು ಅಲ್ವಾ? ನಾನು ಶರ್ವಾಣಿ, ಇಲ್ಲಿ ಟೀಮಿನ ಡಾಕ್ಟ್ರು. ಮೈಸೂರಿನವಳೇ. ಒಂದ್ನಿಮಿಷ ಈ ಕಡೆ ಬರ್ತೀರಾ?"

ಸಿಕ್ಕಿಬಿದ್ದೆ ಎಂದುಕೊಂಡಳು ವಿನೋದಿನಿ. ಆದರೆ ಡಾಕ್ಟರು ಅವಳ ತೋಳನ್ನು ಮೆಲ್ಲಗೆ ಹಿಡಿದುಕೊಂಡರು.

"ಮಾನ್ಯಾನ ನಾನೇ ಬೆಂಚಲ್ಲಿ ಕೂರಿಸಿದೀನಿ. ಗಾಬರಿ ಆಗ್ಬೇಡಿ. ಆದ್ರೆ ಇವತ್ತಿಂದ ಅವಳು ಒಂದು ಹೆಜ್ಜೆನೂ ಓಡೋ ಹಾಗಿಲ್ಲ. ಹೃದಯ ಹೀಗಿರೋ ಮಕ್ಕಳು ಮೈದಾನದಲ್ಲೇ ಬಿದ್ದುಬಿಡ್ತಾರೆ, ಎಬ್ಬಿಸೋಕೆ ಟೈಮ್ ಇರಲ್ಲ."

ವೆಸ್ಟಿನ ಬಟ್ಟೆ ಎದೆಗೂ ಅಂಟಿರುತ್ತದೆ. ಬೆನ್ನಿನ ಯಂತ್ರ ಕಾಲಿನ ಓಟದ ಜೊತೆ ಎದೆಯ ಬಡಿತವನ್ನೂ ಬರೆದುಕೊಳ್ಳುತ್ತದೆ. ಆ ಪುಟವನ್ನು ವೈದ್ಯರಲ್ಲದೆ ಯಾರೂ ತೆರೆಯುವುದಿಲ್ಲ, ಅವರೂ ಆಯ್ಕೆ ಪಟ್ಟಿಯಲ್ಲಿ ಮೊದಲಿರುವವಳದನ್ನು ಮಾತ್ರ; ವಿನೋದಿನಿಯೂ ತೆರೆದಿರಲಿಲ್ಲ. ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಏಳನೇ ನಂಬರು. ಮೊದಲು ವಾರಕ್ಕೊಂದು ಸಲ ಬಡಿತ ತಾಳ ತಪ್ಪಿತ್ತು, ಆಮೇಲೆ ಎರಡು ಸಲ, ಈಗ ಎರಡು ವಾರದಿಂದ ಪ್ರತಿ ಸಲವೂ. "ಎಷ್ಟು ಬೇಗ ಹೆಚ್ಚಾಗಿದೆ ನೋಡಿ," ಎಂದರು ಶರ್ವಾಣಿ. ಸೀಟಿ ಕೇಳಿಸಿತು. ಚೆಂಡು ಆಚೆ ತುದಿಗೆ ಹಾರಿತು, ಅದರ ಹಿಂದೆ ಓರ್ಲಾ ಮೈಯೆಲ್ಲ ಬಿಗಿಹಿಡಿದು, ತಾನು ಸೋಮಾರಿಯಲ್ಲವೆಂದು ತೋರಿಸುವಂತೆ, ಇದುವರೆಗೆ ಎಂದೂ ಓಡದಷ್ಟು ಜೋರಾಗಿ ಓಡಿದಳು. ವಿನೋದಿನಿ ಗೆರೆ ದಾಟಿದಳು. ಆ ಹುಡುಗಿಯ ಹೆಸರು ಹಿಡಿದು ಕೂಗಿದಳು: ಓರ್ಲಾ, ನಿಲ್ಲು, ಓರ್ಲಾ. ಹಿಂದಿನಿಂದ ಡಾಕ್ಟರು ಬಂದು ಅವಳ ಭುಜ ಹಿಡಿದು, ಮಗುವಿಗೆ ಹೇಳುವಂತೆ ಹೇಳಿದರು, "ಆ ಹುಡುಗಿ ಅಲ್ಲ ಕಣ್ರೀ. ನಿಮ್ಮ ಮಗಳು ಇಲ್ಲೇ ಬೆಂಚಲ್ಲಿ ಕೂತಿದಾಳೆ."