ಸಮೀಕ್ಷಾಳ ನಮಸ್ಕಾರ

ಮೊದಲ ಗುರುವಾರವೇ ಗಿರಿಧರ ನನ್ನ ಮೇಲೆ ರೇಗಿದ್ದ.

"ಏನ್ರೀ, ಥೆರಪಿಸ್ಟ್ ಅಂತೀರ, ಮಗೂನ ಮುಟ್ಟೋದೇ ಇಲ್ವಲ್ಲ. ಸುಮ್ನೆ ಕೂತು ನೋಡ್ತೀರ?"

"ನೋಡೋದ ನನ್ನ ಕೆಲಸರೀ. ಮಾಡಸೋದು ಮನಿಯವ್ರ ಕೆಲಸ. ನಾ ವಾರಕ್ಕ ಒಂದ ತಾಸು ಬರ್ತೀನಿ. ಉಳಿದ ಹೊತ್ತೆಲ್ಲಾ ಅಕಿ ನಿಮ್ಮ ಕೈಯಾಗ ಇರ್ತಾಳ."

ಮೈಸೂರಿನವನಿಗೆ ನನ್ನ ಧಾರವಾಡದ ಮಾತು ತಮಾಷೆಯಾಗಿ ಕೇಳಿಸಿರಬೇಕು. ಸಿಟ್ಟು ಮರೆತು ನಕ್ಕುಬಿಟ್ಟ. ಸುಳ್ಳೇಕೆ ಹೇಳಲಿ, ಆ ನಗುವಿಗೆ ನಾನು ಅಂದೇ ಸೋತೆ.

ಸಮೀಕ್ಷಾ ಅವನ ಅಕ್ಕ ಊರ್ಮಿಳಾಳ ಮಗಳು. ಏಳು ತಿಂಗಳ ಕೂಸು, ಡೌನ್ ಸಿಂಡ್ರೋಮ್. ಅಪ್ಪನಿಗೆ ಸೂರತ್‌ನಲ್ಲಿ ಕೆಲಸ, ಭಾನುವಾರ ಮಾತ್ರ ಬರುತ್ತಾರೆ. ಊರ್ಮಿಳಾ ಬ್ಯಾಂಕಿಗೆ ಹೊರಟರೆ ಬೋಪಾಲ್ ಬಡಾವಣೆಯ ಆ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ಜೊತೆ ಮಗುವನ್ನೂ ಸಂಭಾಳಿಸುವವನು ಸೋದರಮಾವನೇ. ನಾನು ಹೇಳಿಕೊಟ್ಟಿದ್ದನ್ನು ಅವನು ಮಾಡಿಸಿ ದಿನವೂ ವಿಡಿಯೋ ಕಳಿಸಬೇಕು, ನಾನು ನೋಡಿ ಚಾರ್ಟ್ ತುಂಬಬೇಕು.

"ಪುಟ್ಟಮ್ಮಾ, ಮೇದಿನಿ ಟೀಚರ್ ನೋಡ್ತಿದಾರೆ, ಸ್ವಲ್ಪ ಸ್ಟೈಲ್ ಮಾಡು," ಎನ್ನುತ್ತ ಕ್ಯಾಮೆರಾ ಕಡೆ ಓರೆಗಣ್ಣು ಹಾಯಿಸುತ್ತಿದ್ದ. ಒಂದೊಂದು ವಿಡಿಯೋವನ್ನೂ ನಾನು ನಾಲ್ಕೈದು ಸಲ ನೋಡುತ್ತಿದ್ದೆ.

ಅಂಥದ್ದೇ ಒಂದು ಗುರುವಾರ ಸಮೀಕ್ಷಾ ನಗಲಿಲ್ಲ. ಗಿಲಕಿ ಆಡಿಸಿದರೂ ತಿರುಗಲಿಲ್ಲ.

"ಹಲ್ಲು ಬರ್ತಿರ್ಬೇಕು," ಎಂದ ಗಿರಿಧರ.

"ಇರಬಹುದರೀ," ಎಂದೆ. ಅವನು ಚಹಾ ಕೊಡುವಾಗ ಬೆರಳು ತಾಕಿತ್ತು, ನನ್ನ ಗಮನವೆಲ್ಲ ಅಲ್ಲಿತ್ತು.

ಮರುದಿನ ವಿಡಿಯೋ ಬಂತು. ಆಗತಾನೇ ನಿದ್ದೆಯಿಂದ ಎದ್ದ ಕೂಸು ಅವನ ತೊಡೆಯ ಮೇಲೆ ಕೂತು ತಲೆ ಬಾಗಿಸಿತು, ಎರಡೂ ಕೈ ಮುಂದೆ ಬಂದವು. ಮತ್ತೊಮ್ಮೆ. ಮತ್ತೊಮ್ಮೆ.

"ನಮಸ್ಕಾರ ಕಲ್ತುಬಿಟ್ಳು! ಯಾರಿಗೆ ಪುಟ್ಟಮ್ಮಾ? ಟೀಚರ್‌ಗಾ?" ಅವನ ದನಿಯಲ್ಲಿ ಹಬ್ಬವಿತ್ತು. ನಾನು ಚಾರ್ಟಿನಲ್ಲಿ 'ಅನುಕರಣೆ ಶುರುವಾಗಿದೆ' ಎಂದು ಬರೆದು, ಅವನಿಗೆ ನಗುವ ಮುಖವೊಂದನ್ನು ಕಳಿಸಿದೆ.

ಸೋಮವಾರ ವಸ್ತ್ರಾಪುರ ಕೆರೆಯ ಬೆಂಚಿನಲ್ಲಿ ಕೂತು ಅದನ್ನೇ ಮತ್ತೆ ತೆರೆದೆ. ಇಯರ್‌ಫೋನ್ ಮರೆತಿದ್ದರಿಂದ ಸದ್ದು ನಿಲ್ಲಿಸಿದ್ದೆ. ಅವನ ದನಿಯಿಲ್ಲದೆ, ಮೊದಲ ಸಲ ಮಗು ಕಾಣಿಸಿತು.

ತಲೆ ಬಾಗಿತು. ಕೆಲವು ಸೆಕೆಂಡು ಬಿಟ್ಟು ಮತ್ತೆ ಬಾಗಿತು. ಏಳು ಸಲ. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಪ್ರತಿ ಸಲವೂ ಕೊನೆಗೆ ಮುಖ ಕಿವುಚುತ್ತಿತ್ತು. ಅದು ಕಲಿತ ನಮಸ್ಕಾರವಲ್ಲ, ಫಿಟ್ಸ್. ಕಲಿತದ್ದನ್ನೆಲ್ಲ ಅಳಿಸಿಹಾಕಬಲ್ಲ ಫಿಟ್ಸ್.

ಗಿರಿಧರನಿಗೆ ಫೋನ್ ಮಾಡಿದೆ. "ಈಗ ಹೆಂಗ ಅದೀರೋ ಹಂಗ ಅಕಿನ್ನ ಕರಕೊಂಡು ಆಸ್ಪತ್ರಿಗೆ ಬರ್ರಿ. ಕಾರಣ ಅಲ್ಲೇ ಹೇಳ್ತೀನಿ."

ಮೆದುಳಿನ ತರಂಗ ನೋಡಿದ ಡಾಕ್ಟರು ಔಷಧಿಯನ್ನು ಕೂಡಲೇ ಶುರುಮಾಡಿದರು. ಕಲಿತದ್ದರಲ್ಲಿ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾಗದು ಎಂದರು. ಊರ್ಮಿಳಾ ಹೊರಗೆ ಗಂಡನಿಗೆ ಫೋನ್ ಮಾಡುತ್ತ ಅಳುತ್ತಿದ್ದಳು. ಮಗು ಮಲಗಿತ್ತು.

"ಮುಂದಿನ ವಾರದಿಂದ ನಮ್ಮ ಇನ್ನೊಬ್ಬ ಥೆರಪಿಸ್ಟ್ ಅರ್ಚಿತಾ ಬರ್ತಾಳ," ಎಂದೆ. "ನಾ ಬರೋದು ಸರಿ ಅಲ್ಲ."

"ಯಾಕೆ?"

"ವಿಡಿಯೋದಾಗ ನಾ ಅಕಿನ್ನ ನೋಡಲಿಲ್ಲ. ನಿಮ್ಮನ್ನ ನೋಡಿದೆ. ನನಗ ನೀವು ಬೇಕಾಗಿದ್ರಿ. ಅದಕ್ಕ ಮೂರು ದಿನ ಹೋದವು."

ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ.

"ತೊಡೆ ಮೇಲೆ ಇದ್ದಿದ್ದು ನನ್ನ ಸೊಸೆ," ಎಂದ ನಿಧಾನವಾಗಿ. "ನಾನು ಕ್ಯಾಮೆರಾ ನೋಡ್ತಿದ್ದೆ, ಮೇದಿನಿ. ನಿಮಗೋಸ್ಕರ."

ಅವನ ಕೈ ನನ್ನ ಕೈಯನ್ನು ಹಿಡಿಯಿತು. ಎಷ್ಟೋ ದಿನದಿಂದ ಬಯಸಿದ್ದ ಕೈ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಮೀಕ್ಷಾ ನಿದ್ದೆಯಿಂದ ಏಳುತ್ತಿದ್ದಳು. ಇಬ್ಬರೂ ಮತ್ತೆ ಬಾಗುತ್ತದೇನೋ ಎಂದು ಅವಳ ಪುಟ್ಟ ತಲೆಯನ್ನೇ ನೋಡುತ್ತ ಕೂತೆವು.