ತೊಟ್ಟಿಲ ಬಣ್ಣದ ವಿಮಾನ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮದ ಕಥೆ ಹೇಳುವ ಯೋಗ್ಯತೆ ನನಗಿದೆಯೇ ಎಂದು ನನಗೇ ಅನುಮಾನ. ಹಗಲೆಲ್ಲ ಕಲಘಟಗಿ ಬಸ್‌ಸ್ಟ್ಯಾಂಡಿನ ಹತ್ತಿರ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು ನಾನು. ಹುಬ್ಬಳ್ಳಿಯ ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದ್ದೇನೆ. ಕೈಗೆ ಹತ್ತಿದ ವಾರ್ನಿಶ್ ವಾಸನೆಗೆ ಪಕ್ಕದವರು ಸರಿದು ಕೂರುತ್ತಾರೇನೋ ಎಂದು ಅಂಜಿ ಕೊನೆಯ ಬೆಂಚಿನಲ್ಲೇ ಮುಗಿಸಿದ ಡಿಗ್ರಿ ಅದು. ಗೊತ್ತಿದ್ದಷ್ಟೇ ಬರೆಯಿರಿ, ಉಳಿದದ್ದು ಬಿಡಿ ಎಂದು ಅಲ್ಲಿನ ಕನ್ನಡ ಸರ್ ಹೇಳುತ್ತಿದ್ದರು. ಅಷ್ಟನ್ನೇ ಬರೆಯುತ್ತೇನೆ. ಸುಧಾರಾಣಿ ಇದನ್ನು ಓದಿದರೆ, ತಪ್ಪಿದ್ದಲ್ಲಿ ಅವಳೇ ತಿದ್ದಲಿ.

ನಾನು ಒಂದು ವಿಮಾನ ಕಟ್ಟುತ್ತಿದ್ದೆ. ಮೇಲೊಂದು ಕೆಳಗೊಂದು, ಎರಡು ಅಂತಸ್ತಿನ ರೆಕ್ಕೆಯ ಹಳೇ ಕಾಲದ ವಿಮಾನ. ಮಾದರಿಯೇ, ಆದರೆ ಸಣ್ಣದಲ್ಲ. ರೆಕ್ಕೆ ಈ ತುದಿಯಿಂದ ಆ ತುದಿಗೆ ನನಗಿಂತ ಉದ್ದ. ರಿಮೋಟಿನಿಂದ ಹಾರಿಸುವಂಥದ್ದು. ಯಾಕೆ ಈ ಹುಚ್ಚು ಎಂದು ಎಲ್ಲರೂ ಕೇಳಿದರು. ನಾನು ರಿಪೇರಿ ಮಾಡಿದ ಮೋಟಾರುಗಳೆಲ್ಲ ಬೋರ್‌ವೆಲ್ಲಿನ ಕತ್ತಲೆಗೆ ಇಳಿಯುತ್ತವೆ. ಒಂದಾದರೂ ಮೇಲೆ ಹೋಗಲಿ ಅನ್ನಿಸಿತ್ತು. ಹಾಗೆ ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ.

ಅಂಗಡಿಯ ಮಾಲೀಕ ಇಲಿಯಾಸ್ ಭಾಯಿ ಮೊದಮೊದಲು ಸಹಿಸಿಕೊಂಡ. ರೆಕ್ಕೆಗಳು ಬೆಳೆದ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಲೇ ಸುಭಾಸ, ಇದನ್ನ ಒಳಗ ಇಟ್ರ ನಾ ಹೊರಗ. ನಾ ಒಳಗ ಕುಂತ್ರ ಇದು ಹೊರಗ. ಇಬ್ಬರಾಗ ಒಬ್ಬರನ್ನ ಆರಿಸ್ಕೊ."

ತೊಟ್ಟಿಲು ಮಾಡುವ ಮುದಕಪ್ಪ ಕಾಕಾನ ಮನೆಯಲ್ಲಿ ದೊಡ್ಡ ಪಡಸಾಲೆ ಇದೆ, ಹೋಗಿ ಕೇಳು ಎಂದು ಅವನೇ ದಾರಿ ಹೇಳಿದ. ನಾನು ಒಂದು ರೆಕ್ಕೆ ಎತ್ತಿಕೊಂಡು ಹೊರಟೆ.

ಪಡಸಾಲೆಯಲ್ಲಿ ಒಬ್ಬಳು ಕುಳಿತು ತೊಟ್ಟಿಲ ಹಲಗೆಯ ಮೇಲೆ ಗಿಳಿ ಬರೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಎಷ್ಟ್ ತಿಂಗಳ್ರಿ?"

ಇಲಿಯಾಸ್ ಭಾಯಿ ಫೋನು ಮಾಡಿ ವಿಮಾನದ ವಿಷಯ ಹೇಳಿರಬೇಕು ಅಂದುಕೊಂಡೆ. "ಏಳು ಮುಗದಾವ್ರಿ."

"ಮೊದಲನೇದೇನ್ರಿ?"

"ಹೌದ್ರಿ. ಅದಕ್ಕ ಸ್ವಲ್ಪ ಹೆದರಿಕಿ."

"ಹೆದರೂದ ಯಾಕ್ರಿ, ಲೋಕದಾಗ ಎಲ್ಲಾರೂ ಹಡೀತಾರ. ಅಕ್ಕಾರೋ, ತಂಗಿಯೋ?"

ನಮ್ಮ ಕಡೆ ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನಿಂದ ಹೋಗಬೇಕು. ಆ ಬಾಗಿಲಿಗೆ ಬರುವ ಗಂಡಸು ಬಸುರಿಯ ಅಪ್ಪ, ಇಲ್ಲವೇ ಅಣ್ಣತಮ್ಮ. ಅದು ಹೊಳೆಯುವ ಹೊತ್ತಿಗೆ ನನ್ನ ಕಿವಿ ಬಿಸಿಯಾಗಿದ್ದವು.

"ವಿಮಾನ ಅದರಿ ಇದು," ಎಂದೆ.

ಆಗ ತಲೆ ಎತ್ತಿದಳು. ಮೊದಲು ರೆಕ್ಕೆಯನ್ನು ನೋಡಿದಳು, ಆಮೇಲೆ ನನ್ನನ್ನು. ಎರಡರಲ್ಲಿ ಯಾವುದಕ್ಕೆ ನಗಬೇಕೆಂದು ತಿಳಿಯದವಳಂತೆ ಕಣ್ಣು ಹಿಂದೆ ಮುಂದೆ ಓಡಾಡಿದವು. ನಗು ತಡೆಯಲು ಕೈ ಬಾಯಿಗೆ ಒಯ್ದಾಗ ಬೆರಳಿನ ಹಸಿರು ಮೂಗಿನ ತುದಿಗೆ ಹತ್ತಿತು. ಹೇಳಬೇಕೆನಿಸಿತು. ಬಾಯಿ ಬರಲಿಲ್ಲ.

ಜಾಗ ಸಿಕ್ಕಿತು. ಮರುದಿನ ಹೋದಾಗ ಅವಳು, ಕಾಕಾನ ಮಗಳು ಸುಧಾರಾಣಿ, ಬಾಗಿಲಲ್ಲೇ ನಿಂತಿದ್ದಳು.

"ಮೂಗಿಗೆ ಬಣ್ಣ ಹತ್ತಿತ್ತು. ಸಂತ್ಯಾಗ ಹಂಗ ತಿರಗ್ಯಾಡಿ ಬಂದೀನಿ. ಹೇಳಾಕ ಬಾಯಿ ಇರಲಿಲ್ಲೇನ್ರಿ ನಿಮಗ?"

"ಚಂದ ಕಾಣತಿತ್ರಿ," ಎಂದುಬಿಟ್ಟೆ. ಅಂದವನೇ ತಲೆ ತಗ್ಗಿಸಿ ಪಡಸಾಲೆಯೊಳಗೆ ನುಗ್ಗಿದೆ.

ಅಂಗಡಿ ಮುಚ್ಚಿದ ಮೇಲೆ ದಿನವೂ ಅಲ್ಲಿಗೆ ಹೋಗತೊಡಗಿದೆ. ಒಂದು ಬದಿ ಅವಳ ತೊಟ್ಟಿಲು, ಇನ್ನೊಂದು ಬದಿ ನನ್ನ ವಿಮಾನ. ನಡುವೆ ಮುದಕಪ್ಪ ಕಾಕಾ ಗರಗಸದ ಹಲ್ಲು ತಿಕ್ಕುತ್ತ ಕೂತಿರುತ್ತಿದ್ದ. ಕಾಕಾನಿಗೆ ಮಾತು ಕಡಿಮೆ. ಇಡೀ ಸಂಜೆಗೆ ಒಂದು ಹೂಂ, ಒಂದು ಉಹೂಂ.

ನನ್ನದು ಕಲಿಯುವ ಕೈ. ಯೂಟ್ಯೂಬ್ ನೋಡಿ, ನಿಲ್ಲಿಸಿ, ಕತ್ತರಿಸಿ, ಮತ್ತೆ ನೋಡುವುದು. ಕೆಳಗಿನ ಎರಡು ರೆಕ್ಕೆ ಮುಗಿಸಿ ನೆಲದ ಮೇಲೆ ಜೋಡಿಸಿ ಹಿಗ್ಗಿನಿಂದ ನಿಂತಿದ್ದೆ. ಸುಧಾರಾಣಿ ಬಂದು ಬಗ್ಗಿ ನೋಡಿದಳು. ತನ್ನ ಎರಡೂ ಅಂಗೈ ಚಾಚಿ ರೆಕ್ಕೆಗಳ ಮೇಲೆ ಹಿಡಿದಳು, ಒಂದನ್ನು ಮಗುಚಿದಳು, ಮತ್ತೆ ಹಿಡಿದಳು.

"ಎರಡೂ ಎಡಗಡೆವ ಅದಾವಲ್ರಿ."

ನಿಜ. ಎರಡೂ ಎಡ ರೆಕ್ಕೆಗಳೇ. ನಾನು ಅಲ್ಲೇ ಕೂತುಬಿಟ್ಟೆ. ಅವಳು ನಗಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು.

"ನಾನೂ ಹಂಗ ಮಾಡಿದ್ದೆ. ಮೊದಲನೇ ತೊಟ್ಟಲದಾಗ ದೇವರ ಮಾರಿ ಎಲ್ಲಾ ಒಂದ ಕಡೆ. ಹಲಗಿ ಎದುರಾಬದರಾ ಜೋಡಿಸಿದ್ರ ಒಂದ ಬದಿಯ ದೇವರು ಕೂಸಿನ ತಲಿ ಕಡೆ ನೋಡೂದು, ಇನ್ನೊಂದ ಬದಿಯವರು ಕಾಲಿನ ಕಡೆ. ಅಪ್ಪ ಎಲ್ಲಾ ಕೆರಿಸಿದ."

"ಅತ್ರೇನ್ರಿ?"

"ನಾ ಯಾಕ ಅಳ್ಲಿ? ದೇವರು ಅತ್ತಿರಬೇಕು."

ಆಗ ಇಬ್ಬರೂ ನಕ್ಕೆವು. ಕಾಕಾ ಗರಗಸ ಬಿಟ್ಟು ಒಮ್ಮೆ ನಮ್ಮತ್ತ ನೋಡಿ, ಮತ್ತೆ ಹಲ್ಲು ತಿಕ್ಕತೊಡಗಿದ.

ಮನೆಯಲ್ಲಿ ಅವ್ವ, ಅಂದರೆ ಸುಶೀಲವ್ವ, ರೊಟ್ಟಿ ಬಡಿಯುತ್ತಲೇ ಚುಚ್ಚುತ್ತಿದ್ದಳು. "ದಿನಾ ತೊಟ್ಟಲಾ ಮಾಡೋರ ಮನಿಗೆ ಹೋಗ್ತಿ. ತೂಗಾಕ ಯಾರದಾರ ನಿನಗ?" ಆಮೇಲೆ ದನಿ ಇಳಿಸಿ, "ಅವರು ನಮ್ಮ ಜಾತ್ಯಾಗಿನವರಲ್ಲ ನೋಡಪಾ," ಎನ್ನುತ್ತಿದ್ದಳು. ನಾನು ತಟ್ಟೆ ನೋಡುತ್ತ ಉಣ್ಣುತ್ತಿದ್ದೆ. ಅಲ್ಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಬಲ ರೆಕ್ಕೆ ಹೊಸದಾಗಿ ಮಾಡಿದೆ. ರೆಕ್ಕೆಗಳಿಗೆ ಬಟ್ಟೆ ಹೊದಿಸುವಾಗ ಸುಧಾರಾಣಿ ಒಂದು ತುದಿ ಹಿಡಿದಳು, ನಾನು ಒಂದು ತುದಿ. ಬಟ್ಟೆ ಬಿಗಿಯಾಗಬೇಕಾದರೆ ಇಬ್ಬರೂ ಒಂದೇ ಹದದಲ್ಲಿ ಎಳೆಯಬೇಕು. ಎಳೆಯುತ್ತ ಎಳೆಯುತ್ತ ನಮ್ಮ ಬೆರಳುಗಳು ರೆಕ್ಕೆಯ ಅಂಚಿನಲ್ಲಿ ಹತ್ತಿರವಾದವು. ಅವಳು ಕೈ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಅಂಟು ಒಣಗಿದ ಮೇಲೂ ಇಬ್ಬರೂ ಹಿಡಿದೇ ಇದ್ದೆವು.

"ಇದು ಖರೇನ ಹಾರ್ತದೇನ್ರಿ?" ಎಂದಳು.

"ಹಾರಬೇಕ್ರಿ."

"ಹಾರಿದ್ರ ನಾ ನಿಮಗ ಒಂದು ಮಾತ ಹೇಳೂದೈತಿ."

"ಈಗ ಹೇಳ್ರೆಲಾ."

"ಹಾರಲಿ." ಹಾಗೆಂದು ರೆಪ್ಪೆ ಇಳಿಸಿದಳು. ಆ ರೆಪ್ಪೆ ಇಳಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ, ಕ್ಷಮಿಸಿ. ಅಂದಿನಿಂದ ನನಗೆ ವಿಮಾನದ ಚಿಂತೆ ಹೋಗಿ ಆ ಮಾತಿನ ಚಿಂತೆ ಹತ್ತಿತು.

ವಿಮಾನದಲ್ಲಿ ಮುಖ್ಯವಾದದ್ದು ತೂಕದ ಸಮ. ಮೇಲಿನ ರೆಕ್ಕೆಯ ಕೆಳಗೆ ಗುರುತು ಮಾಡಿದ ಜಾಗಕ್ಕೆ ಎರಡೂ ಬದಿ ಬೆರಳು ಕೊಟ್ಟು ಎತ್ತಿದರೆ ಮೂಗು ತುಸು ಬಾಗಬೇಕು. ಬಾಲ ಜೋತರೆ ಹಾರುವುದಿಲ್ಲ, ಹಾರಿದರೂ ಉಳಿಯುವುದಿಲ್ಲ. ಎಲ್ಲ ಜೋಡಿಸಿದ ದಿನ ಎತ್ತಿ ನೋಡಿದೆ. ಮೂಗು ನಮಸ್ಕಾರ ಮಾಡುವಂತೆ ಹದವಾಗಿ ಬಾಗಿತು. ಇನ್ನು ಹೊಲಕ್ಕೆ ಒಯ್ಯುವುದೊಂದೇ ಬಾಕಿ.

ಆಗ ಕಾಕಾ ಬಾಯಿ ಬಿಟ್ಟ. "ಬಣ್ಣ ಕಾಣದ ಕಟಗಿ ಈ ಹೊಸ್ತಲಾ ದಾಟಿ ಹೊರಗ ಹೋಗೂದಿಲ್ಲಪಾ. ನಮ್ಮ ಮುತ್ಯಾನ ಕಾಲದಿಂದ ಬಂದ ರೂಢಿ."

ನಾನು ಏನಾದರೂ ಹೇಳುವ ಮೊದಲೇ ಸುಧಾರಾಣಿ ಸೆರಗು ಸಿಕ್ಕಿಸಿಕೊಂಡಿದ್ದಳು. "ನಾ ಹಚ್ಚತೀನಿ. ನೀವು ನಾಕ ದಿನ ಈ ಕಡೆ ಬರಬ್ಯಾಡ್ರಿ. ಮುಗಿದ ಮ್ಯಾಲ ನೋಡ್ರಿ."

ಹೋಗಲಿಲ್ಲ. ಬಿಟ್ಟೂ ಇರಲಾಗಲಿಲ್ಲ. ಆ ದಿನಗಳಲ್ಲಿ ನಾನು ಸುತ್ತಿದ ಮೋಟಾರೊಂದು ಉಲ್ಟಾ ತಿರುಗಿತು. ಇಲಿಯಾಸ್ ಭಾಯಿ ನನ್ನನ್ನು ನೋಡಿ, "ಮೋಟಾರ ಅಷ್ಟ ಅಲ್ಲ, ಮಾಡಿದವನೂ ಉಲ್ಟಾ ಆಗ್ಯಾನ," ಎಂದ.

ಕರೆ ಬಂದ ಸಂಜೆ ಓಡಿದೆ. ಏನು ಹೇಳಲಿ. ತೊಟ್ಟಿಲಿಗೆ ಮಾಡುವುದನ್ನೆಲ್ಲ ಅದಕ್ಕೂ ಮಾಡಿದ್ದಳು. ಮೊದಲು ಹುಣಸೆಬೀಜದ ಅಂಟಿನಲ್ಲಿ ಬಿಳಿ ಮಣ್ಣು ಕಲಸಿ ಬಳಿದು, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಅರಗಿನ ಹೊಳಪು. ಬಾಲದ ಮೇಲೆ ಗರಿ ಬಿಚ್ಚಿದ ನವಿಲು. ಗಿಳಿಗಳೆಲ್ಲ ರೆಕ್ಕೆಯ ಅಡಿಯಲ್ಲಿ.

"ಕೆಳಗ ಯಾಕ್ರಿ?"

"ತೊಟ್ಟಲಾ ನೋಡೋರು ಮ್ಯಾಲಿಂದ ಬಗ್ಗಿ ನೋಡ್ತಾರ. ಇದನ್ನ ನೋಡೋರು ಕೆಳಗಿಂದ ನೋಡ್ತಾರಲ್ರಿ."

ನನ್ನ ವಿಮಾನ ಹಾರುತ್ತದೆಂದು ನನಗಿಂತ ಹೆಚ್ಚಾಗಿ ನಂಬಿದವಳು ಅವಳೊಬ್ಬಳೇ. ಚಹಾ ತರಲು ಅವಳು ಒಳಗೆ ಹೋದಾಗ, ಗುರುತಿನ ಜಾಗಕ್ಕೆ ಬೆರಳು ಕೊಟ್ಟು ಎತ್ತಿದೆ. ಬಣ್ಣದ ಭಾರಕ್ಕೆ ಬಾಲ ಸೀದಾ ಕೆಳಗೆ ಜೋತಿತು. ನವಿಲು ನೆಲ ನೋಡಿತು. ಮೂಗಿಗೆ ಸೀಸ ಕಟ್ಟಿ ಸಮ ಮಾಡಬಹುದು, ಆದರೆ ಅಷ್ಟು ಭಾರವನ್ನು ನನ್ನ ಮೋಟಾರು ಎತ್ತುವುದಿಲ್ಲ. ಉಳಿದದ್ದು ಒಂದೇ ದಾರಿ. ಆ ನವಿಲನ್ನು ಕೆರೆದು ತೆಗೆಯಬೇಕು.

ಕೆರೆಯದಿದ್ದರೆ ಹಾರುವುದಿಲ್ಲ. ಹಾರದಿದ್ದರೆ ಅವಳು ಆ ಮಾತು ಹೇಳುವುದಿಲ್ಲ. ಕೆರೆಯಿರಿ ಎಂದರೆ ಅವಳ ಮುಖ ಹೇಗಾಗುತ್ತದೋ. ಚಹಾದ ಕಪ್ಪು ಹಿಡಿದು ಬಂದವಳು ಕೇಳಿದಳು.

"ಹೆಂಗೈತ್ರಿ?"

"ಅಗದಿ ಚಂದ ಐತ್ರಿ," ಎಂದೆ. ಚಹಾ ನಾಲಗೆ ಸುಟ್ಟಿತು.

ರವಿವಾರ ಬೆಳಿಗ್ಗೆ ಮಿಶ್ರಿಕೋಟಿ ದಾರಿಯಲ್ಲಿ ಸೋಯಾಬೀನ್ ತೆಗೆದ ಬರಿ ಹೊಲಕ್ಕೆ ಟಂಟಂ ರಿಕ್ಷಾದಲ್ಲಿ ಹೋದೆವು. ಇಲಿಯಾಸ್ ಭಾಯಿ, ಕಾಕಾ, ಅವಳು, ನಾನು. ಅವಳು ಹೊಸ ಸೀರೆ ಉಟ್ಟಿದ್ದಳು. ಅದನ್ನು ನೋಡಿ, ಸುಮ್ಮಸುಮ್ಮನೆ ರಿಮೋಟಿನ ಬ್ಯಾಟರಿ ತೆಗೆದು ಮತ್ತೆ ಹಾಕಿದೆ. ಆಗಲಾದರೂ ಹೇಳಬಹುದಿತ್ತು. ಅವಳು ಅಷ್ಟು ಹೊತ್ತಿಗೇ ಆಕಾಶ ನೋಡುತ್ತ ನಿಂತಿದ್ದಳು, ಗಿಳಿಗಳು ಬರುವ ಜಾಗವನ್ನು.

ಮೋಟಾರು ಗುಂಯ್ ಅಂದಿತು. ವಿಮಾನ ಓಡಿತು, ಕುಪ್ಪಳಿಸಿತು, ನೆಲ ಬಿಟ್ಟಿತು. ಬಿಟ್ಟದ್ದೇ ಮೂಗು ಮೇಲೆತ್ತಿ ಬಾಲದ ಮೇಲೆ ನಿಂತಂತೆ ಗಾಳಿಯಲ್ಲಿ ನಿಂತಿತು. ಆಮೇಲೆ ಪಕ್ಕಕ್ಕೆ ಹೊರಳಿ ಬಿತ್ತು. ಕೆಳಗಿನ ರೆಕ್ಕೆ ಮುರಿದ ಸದ್ದು ನಮಗೆಲ್ಲ ಕೇಳಿಸಿತು.

"ಹಾರಿತು," ಎಂದ ಇಲಿಯಾಸ್ ಭಾಯಿ.

"ಜಿಗೀತು," ಎಂದ ಕಾಕಾ.

"ಕಾಕಾ, ನೆಲ ಬಿಟ್ಟಿತ್ತಲ್ಲ."

"ಕಪ್ಪೀನೂ ನೆಲಾ ಬಿಡ್ತದಪಾ."

ಅವರು ವಾದಿಸುತ್ತಿದ್ದಂತೆ ಸುಧಾರಾಣಿ ಹೋಗಿ ವಿಮಾನ ಎತ್ತಿದಳು. ತೊಟ್ಟಿಲು ಸಮ ತೂಗುತ್ತದೋ ಇಲ್ಲವೋ ಎಂದು ನೋಡುವವಳ ಕೈ ಅದು. ಮೇಲಿನ ರೆಕ್ಕೆಯ ಅಡಿ ಹಿಡಿದೊಡನೆ ಬಾಲ ಜೋತು ಅವಳ ಮಂಡಿಗೆ ತಾಗಿತು. ಇನ್ನೊಮ್ಮೆ ಎತ್ತಿದಳು. ಇನ್ನೊಮ್ಮೆ ತಾಗಿತು. ನಾನು ಹತ್ತಿರ ಹೋಗುವಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿತ್ತು.

"ನನ್ನ ಬಣ್ಣ ಭಾರ ಆತು. ಹೌದಿಲ್ರಿ?"

ನಾನು ಬಾಲದ ನವಿಲನ್ನು ನೋಡಿದೆ.

"ನಿಮಗ ಗೊತ್ತಿತ್ತು. ಬೀಳ್ತದಂತ ಗೊತ್ತಿದ್ದೂ ಬಿಟ್ರಿ."

"ಹೌದ್ರಿ."

"ಮೂಗಿಗೆ ಬಣ್ಣ ಹತ್ತಿದ್ರೂ ಹೇಳೂದಿಲ್ಲ, ಬಾಲಕ್ಕ ಹತ್ತಿದ್ರೂ ಹೇಳೂದಿಲ್ಲ. ಎಂಥಾ ಮನಷ್ಯಾರ್ರಿ ನೀವು?" ವಿಮಾನವನ್ನು ನೆಲಕ್ಕಿಟ್ಟಳು. "ಎಲ್ಲಾದಕ್ಕೂ ಚಂದ ಐತಿ, ಚಂದ ಐತಿ."

ಎಲ್ಲಿಂದ ಬಂತೋ ತಿಳಿಯದು, ಬಾಯಿ ತೆರೆಯಿತು. "ನವಿಲ ಕೆರೀರಿ ಅಂತ ನನಗ ಹೇಳಾಕ ಆಗಲಿಲ್ರಿ. ಇದು ಹಾರಲಿಲ್ಲ, ನೀವು ಹೇಳೂದು ಹಂಗ ಉಳೀತು. ಅದಕ್ಕ ನಾನ ಹೇಳತೀನಿ. ನನಗ ನೀವು ಬೇಕ್ರಿ. ವಿಮಾನ ಇರಲಿ ಬಿಡಲಿ."

ಅವಳು ಮುರಿದ ರೆಕ್ಕೆ ನೋಡುತ್ತ ನಿಂತಳು. ಕಿವಿಯ ಹಿಂದಿನಿಂದ ಕೆನ್ನೆಯವರೆಗೆ ಕೆಂಪು ಏರಿತು. ಸಿಟ್ಟಿನದೋ ಬೇರೆಯದೋ ನನಗೆ ಹೇಳಲಾಗಲಿಲ್ಲ.

"ಅಪ್ಪ ಕರ್ಯಾಕತ್ತಾನ," ಎಂದು ಹೊರಟೇಹೋದಳು. ಕಾಕಾ ಯಾರನ್ನೂ ಕರೆದಿರಲಿಲ್ಲ. ಟಂಟಂನಲ್ಲಿ ದಾರಿಯುದ್ದಕ್ಕೂ ಬಾಲವನ್ನು ತೊಡೆಯ ಮೇಲಿಟ್ಟುಕೊಂಡು, ಕುಲುಕಾಟ ತಾಗದಂತೆ ಕೈ ಅಡ್ಡ ಹಿಡಿದು ಕೂತಿದ್ದಳು. ನನ್ನತ್ತ ನೋಡಲಿಲ್ಲ.

ಮರುದಿನ ಹೋಗಬಾರದು ಅಂದುಕೊಂಡು ಹೋದೆ. ಅವಳು ಗಾಜಿನ ಚೂರು ಹಿಡಿದು ನವಿಲನ್ನು ಕೆರೆಯುತ್ತಿದ್ದಳು. ಗರಿಗಳು ಪುಡಿಯಾಗಿ ಸೀರೆಯ ಮೇಲೆ ಉದುರಿದ್ದವು. ನನಗೆ ತಡೆಯಲಾಗದೆ ಗಾಜಿಗೆ ಕೈ ಚಾಚಿದೆ.

"ನೀ ಮುಟ್ಟಬ್ಯಾಡ," ಎಂದಳು. "ಬರದವಳು ನಾನು, ನಾನ ತಗೀತೀನಿ. ನೀ ರೆಕ್ಕಿ ಕಟ್ಟು. ಈ ಸಲ ಮುರದದ್ದು ಬಲಗಡೇದ ಐತಿ, ನೋಡಿ ಕಟ್ಟು."

ಅಷ್ಟು ದಿನ ನೀವು ಎನ್ನುತ್ತಿದ್ದವಳು ನೀ ಎಂದಳು. ಅಂದದ್ದು ಅವಳಿಗೂ ಕೇಳಿಸಿತು. ಗಾಜಿನ ಚೂರು ಒಂದು ಕ್ಷಣ ನಿಂತು, ಮತ್ತೆ ಕೆರೆಯತೊಡಗಿತು. ನಾನು ರೆಕ್ಕೆ ಎಳೆದುಕೊಂಡು ಅವಳ ಪಕ್ಕ ಕೂತೆ. ಇಬ್ಬರ ಮೊಣಕೈ ತಾಗುತ್ತಿದ್ದವು. ಯಾರೂ ಸರಿಯಲಿಲ್ಲ.

ಬಾಲವೆಲ್ಲ ಬರಿದಾದ ಮೇಲೆ ನೆನಪಾಯಿತು: ಬಣ್ಣ ಕಾಣದ್ದು ಹೊಸ್ತಿಲು ದಾಟುವಂತಿಲ್ಲ. ಇಬ್ಬರೂ ಕಾಕಾನತ್ತ ನೋಡಿದೆವು. ಕಾಕಾ ಗರಗಸ ಬದಿಗಿಟ್ಟು ಎದ್ದು ಬಂದ. ಕೆಂಪು ಬಣ್ಣದ ಬಟ್ಟಲಿಗೆ ಬೆರಳದ್ದಿ ಬಾಲದ ಮೇಲೆ ಒಂದೇ ಒಂದು ಬೊಟ್ಟು ಇಟ್ಟ.

"ಇಷ್ಟ ಸಾಕು ರೂಢಿಗೆ," ಎಂದ. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಮೊದಲ ಕೇಳಿದ್ರ ಅವತ್ತ ಬೊಟ್ಟ ಇಟ್ಟು ಕಳಸತಿದ್ನಲ್ಲ. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ," ಎಂದು ಕೈ ಒರೆಸಿಕೊಳ್ಳುತ್ತ ಒಳಗೆ ಹೋದ.

ಮಳೆ ಬಿದ್ದು ಹೊಲ ಈಗ ಹಸಿಯಾಗಿದೆ, ಎರಡನೇ ಸಲ ಇನ್ನೂ ಹಾರಿಸಿಲ್ಲ. ಹಾರುತ್ತದೋ ಇಲ್ಲವೋ ಗೊತ್ತಿಲ್ಲ. ಅವಳು ತಡೆದಿಟ್ಟ ಮಾತು ಏನೆಂದು ಗೊತ್ತಿಲ್ಲ. ಅದು ನಾನು ಅಂದುಕೊಂಡದ್ದೇ ಇರಬೇಕೆಂದು ಆಸೆ, ಅಷ್ಟೇ. ಅವ್ವ ಏನೆನ್ನುತ್ತಾಳೋ ಗೊತ್ತಿಲ್ಲ. ಕೇಳಬೇಕಿತ್ತು ಎಂದು ಕಾಕಾ ಅಂದದ್ದು ಆ ಬೊಟ್ಟಿನ ಬಗ್ಗೆ ಮಾತ್ರವೋ, ಮಗಳ ಬಗ್ಗೆಯೂ ಇತ್ತೋ, ಅದೂ ನನಗೆ ಗೊತ್ತಿಲ್ಲ.