ಹುಲಿಗೆಮ್ಮನ ಮಗ್ಗಲು

ಸಿಂಧನೂರಿನ ನಮ್ಮ ಆರೈಕೆ ಕೇಂದ್ರದಲ್ಲಿ ಲಕ್ವ ಹೊಡೆದ ಹುಲಿಗೆಮ್ಮ ಮಲಗಿ ನಾಲ್ಕು ತಿಂಗಳಾಗಿತ್ತು. ಬೆರಳೂ ಅಲ್ಲಾಡುತ್ತಿರಲಿಲ್ಲ. ಮಲಗಿದಲ್ಲೇ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಆಕೆಯ ಮಗ್ಗಲು ಬದಲಿಸಿ, ಬೆನ್ನು ನೋಡಿ, ಚಾರ್ಟಿನಲ್ಲಿ ಬರೆಯುವುದು ನರ್ಸಾದ ನನ್ನ ಕೆಲಸ. ನಾನು ಮುಟ್ಟದೆಯೇ, ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೆ.

ತುರ್ವಿಹಾಳದಿಂದ ಬಂದ ಮಗಳು ತಾಯಿಯ ಬೆನ್ನು ಸವರಿ, "ಒಂದು ಹುಣ್ಣ ಆಗಿಲ್ರೀ ಸಿಸ್ಟರ್, ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಕಣ್ಣೊರೆಸಿಕೊಂಡಳು. ನಾನು ತಲೆ ತಗ್ಗಿಸಿದೆ. ಆಮೇಲೆ ಆಯಾ ಅಮರಮ್ಮನನ್ನು ಕೇಳಿದರೆ, "ನಾ ಮುಟ್ಟಿಲ್ರೀ, ನೀವ ಮಗ್ಗಲಾ ಹೊಳ್ಳಸ್ತೀರಿ ಅನ್ಕಂಡಿದ್ದೆ" ಅಂದಳು.

ಮರುದಿನ ಮಧ್ಯಾಹ್ನ ಆಕೆಯ ಕೋಣೆಗೆ ಒಳಗಿನಿಂದ ಚಿಲಕ ಹಾಕಿ ಒಬ್ಬಳೇ ಕುಳಿತೆ. ಗೋಡೆಯ ಕಡೆ ಮುಖ ಮಾಡಿದ್ದ ಹುಲಿಗೆಮ್ಮ, ನಾನು ಚಾರ್ಟಿನಿಂದ ತಲೆ ಎತ್ತುವಷ್ಟರಲ್ಲಿ ನನ್ನತ್ತ ತಿರುಗಿದ್ದಳು. ಬೆನ್ನು ಮುಟ್ಟಿ ನೋಡಿದರೆ, ಯಾರೋ ಆಗಷ್ಟೇ ಹಚ್ಚಿದ ಎಣ್ಣೆ ಇನ್ನೂ ಬೆಚ್ಚಗಿತ್ತು.

ನಾನು ಎಂದಿನಂತೆ ಚಾರ್ಟಿನಲ್ಲಿ ಮಗ್ಗಲು ಬದಲಿಸಿದ ಹೊತ್ತು ಬರೆದು, ಅದರ ಮುಂದೆ ನನ್ನ ಸಹಿಯನ್ನೇ ಹಾಕಿದೆ.